ಶಿವಗಂಗೆ ಬೆಟ್ಟದ ಬುಡದಲ್ಲಿ ಮನೆ ಮಾಡಿದ್ದು

ಬೆಟ್ಟದ ಕೆಳಗೆ ಮನೆ ಮಾಡಿದ್ದೀವಿ ಅಂದ ಕೂಡಲೇ ಬೆಂಗಳೂರಿನ ನೆಂಟರು ಕೇಳುವ ಮೊದಲ ಮಾತು, 'ಎಷ್ಟು ನೆಮ್ಮದಿ ಅಲ್ವಾ?' ಎರಡನೆಯದು, 'ದಿನಾ ಬೆಟ್ಟ ಹತ್ತುತ್ತೀರಾ?' ಎರಡಕ್ಕೂ ಉತ್ತರ ಇಲ್ಲ ಅಂತಲೇ. ದಿನಾ ಬೆಟ್ಟ ಹತ್ತುವವರು ಅರ್ಚಕರು, ಅಂಗಡಿಯವರು, ಅವರ ಸಾಮಾನು ಹೊರುವ ಹುಡುಗರು. ನೆಮ್ಮದಿ ವಿಷಯಕ್ಕೆ ಬಂದರೆ, ಇಲ್ಲಿಗೆ ಬಂದ ಮೇಲೆ ನನ್ನ ತಲೆಯಲ್ಲಿ ಜಾಸ್ತಿ ಓಡುವುದು ಎರಡೇ ಸಂಗತಿ. ಒಂದು ಕೋತಿ, ಇನ್ನೊಂದು ನೀರು. ಕೋತಿ ವಿಷಯ ಬೇಗ ಮುಗಿಯುತ್ತದೆ. ನೀರಿಂದು ಇವತ್ತಿಗೂ ಮುಗಿದಿಲ್ಲ.

ನಾನು ಹುಟ್ಟಿ ಬೆಳೆದದ್ದು ಹನುಮಂತನಗರದಲ್ಲಿ, ಗವಿಪುರದ ಗವಿ ಗಂಗಾಧರೇಶ್ವರನ ಗುಡಿಗೆ ನಡೆದು ಹೋಗುವಷ್ಟು ಹತ್ತಿರ. ಆ ಗುಡಿಯಿಂದ ಶಿವಗಂಗೆಗೆ ಸುರಂಗ ಇದೆ ಅಂತ ಅಜ್ಜಿ ಹೇಳುತ್ತಿದ್ದರು. ಬೆಂಗಳೂರಿನ ಹಳೇ ಮಂದಿಗೆಲ್ಲ ಗೊತ್ತಿರುವ ಕಥೆ ಅದು. ಸಂಕ್ರಾಂತಿ ದಿನ ಅಲ್ಲಿ ಸೂರ್ಯನ ಬೆಳಕು ಲಿಂಗದ ಮೇಲೆ ಬೀಳುತ್ತದೆ, ಅದೇ ದಿನ ಶಿವಗಂಗೆಯಲ್ಲಿ ಗಂಗಾಧರೇಶ್ವರನಿಗೆ ಮದುವೆ. ಹಾಗಾಗಿ ನಗರ ಬಿಟ್ಟು ಹಳ್ಳಿ ಸೇರಬೇಕು ಅಂತ ನಾವಿಬ್ಬರೂ ಮಾತಾಡಿಕೊಂಡಾಗ ನನ್ನ ಬಾಯಿಗೆ ಬಂದ ಮೊದಲ ಹೆಸರು ಇದೇ. ಯಜಮಾನರದು ಬೇರೆ ಲೆಕ್ಕ. ಅವರ ಕೆಲಸ ಪೀಣ್ಯದಲ್ಲಿ. ದಾಬಸ್‌ಪೇಟೆ ತುಮಕೂರು ಹೆದ್ದಾರಿ ಮೇಲೇ ಇದೆ, ಅಲ್ಲಿಂದ ಶಿವಗಂಗೆ ಏಳೆಂಟು ಕಿಲೋಮೀಟರ್. 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಮೆಟ್ರೊ ಬಂದ ಮೇಲಂತೂ ಅವರಿಗೆ ಓಡಾಟ ಸಲೀಸಾಯಿತು. ದಾಬಸ್‌ಪೇಟೆವರೆಗೆ ಸ್ಕೂಟರ್, ಮಾದಾವರದವರೆಗೆ ಬಸ್ಸು, ಅಲ್ಲಿಂದ ಮೆಟ್ರೊ. ಸುರಂಗ ಇಲ್ಲದಿದ್ದರೂ ನಡೆಯುತ್ತೆ ಅಂತ ನಗುತ್ತಾರೆ.

ಜಮೀನು ತೆಗೆದುಕೊಳ್ಳುವ ಮೊದಲು ಊರಲ್ಲೇ ಒಂದು ಹೆಂಚಿನ ಮನೆ ಬಾಡಿಗೆಗೆ ಹಿಡಿದೆವು. ಮನೆ ಒಡತಿ ಅಜ್ಜಿ ಅಡ್ವಾನ್ಸ್ ಎಷ್ಟು ಅಂತ ಹೇಳುವ ಮೊದಲು ಕೇಳಿದ್ದು, 'ನಿಮ್ಮನೆ ದೇವ್ರು ಯಾವ್ದವ್ವಾ?' ಅಂತ. ಹೇಳಿದೆ. 'ಸರಿ ಬಿಡು, ನಮ್ಮಪ್ಪಂಗೂ ಒಂದು ಕೈ ಮುಗಿ' ಅಂದು ಬೀಗ ಕೊಟ್ಟರು. ನಮ್ಮಪ್ಪ ಅಂದರೆ ಬೆಟ್ಟ. ಇಲ್ಲಿನವರು ಬೆಟ್ಟಕ್ಕೆ ಕೈ ಮುಗಿಯುವುದನ್ನು ನೋಡಬೇಕು. ಸಗಣಿ ಎತ್ತುತ್ತಿರುತ್ತಾರೆ, ಬಸ್ಸಿಗೆ ಓಡುತ್ತಿರುತ್ತಾರೆ, ಫೋನಲ್ಲಿ ಜಗಳ ಆಡುತ್ತಿರುತ್ತಾರೆ, ಒಂದು ಕೈ ಹಾಗೇ ಹಣೆಗೆ ಹೋಗಿ ಬರುತ್ತದೆ. ಅಷ್ಟೇ.

ಈ ಬೆಟ್ಟ ಪೂರ್ವದಿಂದ ಬಸವನ ಹಾಗೆ, ಪಶ್ಚಿಮದಿಂದ ಗಣಪನ ಹಾಗೆ, ದಕ್ಷಿಣದಿಂದ ಲಿಂಗದ ಹಾಗೆ, ಉತ್ತರದಿಂದ ಹೆಡೆ ಎತ್ತಿದ ಸರ್ಪದ ಹಾಗೆ ಕಾಣುತ್ತದೆ ಅಂತ ಹೇಳುತ್ತಾರೆ. ನಮ್ಮೂರು ಪೂರ್ವದ ಕಡೆ. ನನಗೆ ಬಹಳ ದಿನ ಬಸವ ಕಾಣಲೇ ಇಲ್ಲ, ಬರೀ ಬಂಡೆ ಕಾಣುತ್ತಿತ್ತು. ಪಕ್ಕದ ಮನೆ ಹುಡುಗ ಎರಡನೇ ಕ್ಲಾಸು. ಒಂದು ಸಂಜೆ ನನ್ನ ಗಲ್ಲ ಹಿಡಿದು ತಿರುಗಿಸಿ, 'ಆಂಟಿ, ಅದು ಹಿಣಿಲು, ಅದು ಬೆನ್ನು, ಬಾಲ ಆ ಕಡೆಗೈತೆ, ನಿಮಗೆ ಕಾಣಲ್ಲ' ಅಂದ. ಆಗ ಕಂಡಿತು. ಈಗ ಬೇಡ ಅಂದರೂ ಬಸವನೇ ಕಾಣುತ್ತದೆ.

ಇನ್ನು ಕೋತಿ. ಬೆಟ್ಟಕ್ಕೆ ಬರುವ ಜನ ಬಿಸ್ಕತ್ತು, ಸೌತೆಕಾಯಿ, ಚಿಪ್ಸು ಅಂತ ಕೊಟ್ಟು ಕೊಟ್ಟು ಅವುಗಳಿಗೆ ಮನುಷ್ಯರ ಭಯವೇ ಇಲ್ಲ. ಶನಿವಾರ ಭಾನುವಾರ ಬೆಟ್ಟದಲ್ಲೇ ಹೊಟ್ಟೆ ತುಂಬುತ್ತದೆ. ಸೋಮವಾರ ಮಂಗಳವಾರ ಜನ ಕಮ್ಮಿ, ಆಗ ಗುಂಪು ಕೆಳಗೆ ಇಳಿಯುತ್ತದೆ. ಹೆಂಚು ಸರಿಸಿ ಒಳಗೆ ಇಳಿದು ಡಬ್ಬಿ ಮುಚ್ಚಳ ತಿರುಗಿಸಿ ತೆಗೆಯುತ್ತವೆ. ನಮ್ಮನೆಯಲ್ಲಿ ಒಂದು ಸಲ ಹುಣಸೆಹಣ್ಣಿನ ಭರಣಿ ಬಿಟ್ಟು ಮಿಕ್ಕಿದ್ದೆಲ್ಲ ಹಿತ್ತಲಲ್ಲಿ ಸಿಕ್ಕಿತು. ಹೆಂಚಿನ ಮೇಲೆ ಮುಳ್ಳು ಹಾಕಿ, ಕಿಟಕಿಗೆ ಜಾಲರಿ ಹಾಕಿ, ಮನೆ ಕಟ್ಟುವಾಗ ಹೆಂಚಿನ ಆಸೆ ಬಿಟ್ಟು ಆರ್‌ಸಿಸಿ ಹಾಕಿಸಿ. ಇಷ್ಟೇ ಪರಿಹಾರ. ಬೆಟ್ಟದಲ್ಲಿ ಕೋತಿಗೆ ತಿನ್ನಲು ಕೊಡುವವರು ದಯವಿಟ್ಟು ನೆನಪಿಡಿ, ಆ ಪುಣ್ಯದ ಬಿಲ್ಲು ಕೆಳಗಿನ ಊರಿಗೆ ಬರುತ್ತದೆ.

ಬಾಡಿಗೆ ಮನೆಯಲ್ಲಿ ಒಂದು ಬೇಸಿಗೆ ಕಳೆಯಿರಿ ಅಂತ ನಮಗೆ ಹೇಳಿದ್ದು ಯಜಮಾನರ ಸಹೋದ್ಯೋಗಿಯೊಬ್ಬರು. ಒಳ್ಳೆಯ ಮಾತು. ಮಳೆಗಾಲದಲ್ಲಿ ನೋಡಿದರೆ ಇಲ್ಲಿನ ಯಾವ ಜಮೀನೂ ಚೆನ್ನಾಗೇ ಕಾಣುತ್ತದೆ. ರಾಗಿ, ಅದರ ನಡುವೆ ಅವರೆ ಸಾಲು, ಬದುವಿನ ಮೇಲೆ ಹುಚ್ಚೆಳ್ಳು ಹೂವು, ಹಿಂದೆ ಬೆಟ್ಟ. ಫೋಟೊ ತೆಗೆದು ಅಡ್ವಾನ್ಸ್ ಕೊಡದೆ ಇರುವುದು ಕಷ್ಟ. ಮಾರ್ಚ್, ಏಪ್ರಿಲ್‌ನಲ್ಲಿ ಬನ್ನಿ. ಯಾವ ತೋಟಕ್ಕೆ ಟ್ಯಾಂಕರ್ ಬರುತ್ತಿದೆ, ಯಾರ ತೆಂಗಿನ ಗರಿ ಜೋತು ಬಿದ್ದಿದೆ, ಯಾವ ಬಾವಿಯಲ್ಲಿ ಲಂಟಾನ ಬೆಳೆದಿದೆ ಅಂತ ಕಣ್ಣಿಗೇ ಕಾಣುತ್ತದೆ.

ಕಾಗದದ ಕೆಲಸ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಕೇಳುವವರು ಜಾಸ್ತಿ. 2020ಕ್ಕೆ ಮೊದಲು ಕರ್ನಾಟಕದಲ್ಲಿ ಕೃಷಿಕರಲ್ಲದವರು, ಅಥವಾ ಬೇರೆ ಆದಾಯ ವರ್ಷಕ್ಕೆ 25 ಲಕ್ಷ ದಾಟಿದವರು ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ. ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಅನ್ನುತ್ತಿದ್ದರಲ್ಲ, ಅವು. ಆ ವರ್ಷ ಅವನ್ನು ತೆಗೆದರು. ಆಮೇಲೆ ನಮ್ಮಂಥವರಿಗೆ ಬಾಗಿಲು ತೆರೆಯಿತು, ದಲ್ಲಾಳಿಗಳಿಗೆ ಹಬ್ಬವಾಯಿತು. ಇದು ಒಳ್ಳೆಯದಾಯಿತಾ ಅಂತ ಕೇಳಿದರೆ ನನಗೆ ಅನುಮಾನವೇ. ನಾನೇ ಅದರ ಲಾಭ ಪಡೆದವಳು, ಆದರೂ ಊರಿನ ಹುಡುಗರಿಗೆ ಈಗ ತಮ್ಮದೇ ಊರಲ್ಲಿ ಅರ್ಧ ಎಕರೆ ಕೊಳ್ಳಲು ಆಗುತ್ತಿಲ್ಲ ಅನ್ನುವುದು ಕಣ್ಣೆದುರೇ ಇದೆ.

ಪಹಣಿ ಎಲ್ಲರೂ ನೋಡುತ್ತಾರೆ. ಪಹಣಿ ನೋಡಿದರೆ ಸಾಲದು. ಆ ಸರ್ವೆ ನಂಬರ್ ಮೂಲದಲ್ಲಿ ಹೇಗೆ ಬಂದದ್ದು ಅಂತ ನೋಡಬೇಕು. ಬೆಟ್ಟದ ಅಂಚಿನಲ್ಲಿ ಗೋಮಾಳ ಜಾಸ್ತಿ, ಹಾಗಾಗಿ ದರಖಾಸ್ತು ಜಮೀನೂ, ಅಂದರೆ ಅರ್ಜಿ ಹಾಕಿ ಸರ್ಕಾರದಿಂದ ಮಂಜೂರು ಮಾಡಿಸಿಕೊಂಡದ್ದೂ, ಜಾಸ್ತಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, ಮಾರಿದರೆ ಕ್ರಯ ಊರ್ಜಿತವಾಗುವುದಿಲ್ಲ. 2023ರ ತಿದ್ದುಪಡಿ ಆದ ಮೇಲೆ ಅಂಥ ಜಮೀನನ್ನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಅದು ಸರಿಯಾದದ್ದೇ. ಮೊದಲು ನಮಗೆ ತೋರಿಸಿದ ಜಾಗ ಅಂಥದ್ದು. 'ಅದೆಲ್ಲ ಮ್ಯಾನೇಜ್ ಆಗುತ್ತೆ ಮೇಡಂ' ಅಂದ ದಲ್ಲಾಳಿಗೆ ಕಾಫಿ ಕುಡಿಸಿ ಕಳಿಸಿದೆವು.

ಎರಡನೆಯದು ಪಿತ್ರಾರ್ಜಿತ. ವಂಶವೃಕ್ಷ ತೆಗೆಸಿದರೆ ಮಾರುವವರಿಗೆ ಇಬ್ಬರು ಅಕ್ಕಂದಿರು, ಒಬ್ಬರು ಕುಣಿಗಲ್ ಕಡೆ, ಒಬ್ಬರು ಮಾಗಡಿಯಲ್ಲಿ. ಅವರು ಬಂದು ಸಹಿ ಹಾಕದೆ ಮುಂದೆ ಹೋಗುವುದಿಲ್ಲ ಅಂತ ನಮ್ಮ ವಕೀಲರು ಪಟ್ಟು ಹಿಡಿದರು. ಮಾಗಡಿಯ ಅಕ್ಕ ಬಂದರು, ತಮ್ಮನ ಮೇಲೆ ಹಳೇ ಸಿಟ್ಟೆಲ್ಲ ನಮ್ಮ ಮುಂದೆಯೇ ತೀರಿಸಿಕೊಂಡರು, ತಮ್ಮ ಪಾಲು ಬೇಕೇ ಬೇಕು ಅಂದರು, ಪಡೆದರು. ನನಗಂತೂ ಖುಷಿಯಾಯಿತು.

ಇಡೀ ಸರ್ವೆ ನಂಬರ್ ಕೊಳ್ಳದೆ ಅದರಲ್ಲಿ ಒಂದು ಭಾಗ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಅಂದರೆ ಸರ್ವೆಯವರು ಬಂದು ಅಳೆದು, ಇಷ್ಟು ಭಾಗ ಮಾರಾಟಕ್ಕೆ ಅಂತ ಗುರುತು ಮಾಡಿಕೊಡಬೇಕು. ಇದೇ ಜಾಸ್ತಿ ಕಾಯಿಸಿದ್ದು. ಅಳೆಯುವ ದಿನ ಅಕ್ಕಪಕ್ಕದ ಜಮೀನಿನವರೆಲ್ಲ ಬಂದು ನಿಂತರು. ಚೈನು ಹಿಡಿದವರ ಹಿಂದೆ ಹಿಂದೆಯೇ ಊರಿನ ಹಿರಿಯರೊಬ್ಬರು ನಡೆಯುತ್ತಿದ್ದರು. ಒಂದು ಕಡೆ ನಿಂತು ಕಾಲಲ್ಲಿ ಮಣ್ಣು ಒದ್ದು, 'ಇಲ್ಲೊಂದು ಹಳ್ಳ ಇತ್ತಲ್ಲ, ಅದೆಲ್ಲೋಯ್ತು?' ಅಂದರು.

ಯಾರೂ ಮಾತಾಡಲಿಲ್ಲ. ಗ್ರಾಮ ನಕ್ಷೆ ಬಿಡಿಸಿ ನೋಡಿದರೆ ಬೆಟ್ಟದ ಕಡೆಯಿಂದ ಬರುವ ಒಂದು ಗೆರೆ ನಾವು ಕೊಳ್ಳಬೇಕೆಂದಿದ್ದ ಜಾಗದ ಮೂಲೆ ಹಾದು, ಪಕ್ಕದ ಜಮೀನು ದಾಟಿ, ಊರ ಕೆರೆಗೆ ಹೋಗುತ್ತದೆ. ದಾಖಲೆಯಲ್ಲಿ ಅದು ಬಿ ಖರಾಬು. ಅಂದರೆ ಸಾರ್ವಜನಿಕರದ್ದು, ಯಾರೂ ಮಾರುವ ಹಾಗಿಲ್ಲ, ಯಾರೂ ಕೊಳ್ಳುವ ಹಾಗಿಲ್ಲ. ಜಮೀನಿನ ಮೇಲೆ ನೋಡಿದರೆ ಹಳ್ಳ ಇಲ್ಲ. ಯಾವತ್ತೋ ಜೆಸಿಬಿ ತರಿಸಿ ಮಟ್ಟ ಮಾಡಿ ರಾಗಿ ಬಿತ್ತಿದ್ದಾರೆ. ನಮಗೆ ಸಿಗುವ ಜಾಗದಲ್ಲಿ ನಾಲ್ಕು ಗುಂಟೆ ಕಮ್ಮಿಯಾಯಿತು. ದುಡ್ಡೂ ಅಷ್ಟು ಕಮ್ಮಿ ಮಾಡಿಸಿಕೊಂಡು ರಿಜಿಸ್ಟರ್ ಮಾಡಿಸಿದೆವು. ಹಳ್ಳದ ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದರು ಎಲ್ಲರೂ.

ಆಮೇಲೆ ಬೋರು. ಈ ಭಾಗದಲ್ಲಿ ಬೋರ್ ಕೊರೆಸಬೇಕಾದರೆ ಅಂತರ್ಜಲ ಪ್ರಾಧಿಕಾರದ ಅನುಮತಿ ಬೇಕು. ನೆಲಮಂಗಲ ತಾಲ್ಲೂಕಿನಲ್ಲಿ ಮಳೆಯಿಂದ ಇಂಗುವುದಕ್ಕಿಂತ ಮೇಲೆತ್ತುವುದೇ ಜಾಸ್ತಿ. ಅರ್ಜಿ ಹಾಕಿದೆವು. ಊರಲ್ಲಿ ಎಲ್ಲರ ಸಲಹೆ, 'ಪಾಯಿಂಟ್ ನೋಡ್ಸಿ.' ತೆಂಗಿನಕಾಯಿ ಅಂಗೈ ಮೇಲೆ ಇಟ್ಟುಕೊಂಡು ನಡೆಯುವವರು ಬಂದರು, ಕಾಯಿ ಎದ್ದು ನಿಂತ ಕಡೆ ಕಲ್ಲು ಇಟ್ಟರು. ಯಜಮಾನರಿಗೆ ಅದರಲ್ಲಿ ನಂಬಿಕೆ ಇಲ್ಲ, ಭೂವಿಜ್ಞಾನ ಓದಿದವರೊಬ್ಬರನ್ನು ಕರೆಸಿ ಮಿಷನ್ ಹಾಕಿಸಿದರು. ಅವರು ಇನ್ನೊಂದು ಕಡೆ ಕಲ್ಲು ಇಟ್ಟರು. ಮನೆ ಒಡತಿ ಅಜ್ಜಿ ಎರಡೂ ಕಲ್ಲು ನೋಡಿ, 'ಬೆಟ್ಟದ ಬುಡದಾಗೆ ನೀರೈತೆ ಅಂತ ಯಾರಂದವ್ರು ನಿಮ್ಗೆ? ನಮ್ಮಪ್ಪ ಕಲ್ಲವ್ವಾ, ಬರೀ ಕಲ್ಲು' ಅಂದರು.

ಅಜ್ಜಿ ಹೇಳಿದ್ದು ನೂರಕ್ಕೆ ನೂರು ನಿಜ. ರಾಮನಗರ, ಮಾಗಡಿ ಕಡೆಯಿಂದ ಉತ್ತರಕ್ಕೆ ಹೋಗುವ ಗ್ರಾನೈಟ್ ಸಾಲಿನಲ್ಲಿ ಬರುವ ಬೆಟ್ಟ ಇದು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಈ ಕಲ್ಲು ನೀರು ಹೀರುವುದಿಲ್ಲ. ಎಲ್ಲಿ ಬಿರುಕು ಇದೆಯೋ ಅಲ್ಲಿ ಮಾತ್ರ ನೀರು ಕೂರುತ್ತದೆ. ಬಿರುಕು ಸಿಕ್ಕಿದರೆ ನೀರು, ಒಂದು ಮಾರು ಆಚೆ ಕೊರೆದರೆ ಪುಡಿ.

ಕೊರೆಯುವ ಗಾಡಿ ಬಂದದ್ದು ಸಂಜೆ ಮೇಲೆ. ತಮಿಳುನಾಡಿನ ತಿರುಚೆಂಗೋಡಿನ ಹುಡುಗರು. ಕರ್ನಾಟಕದ ಅರ್ಧ ಬೋರು ಅವರೇ ಕೊರೆದಿರಬೇಕು. ಪೂಜೆ ಮಾಡಿ ಕಾಯಿ ಒಡೆದು ಶುರು ಮಾಡಿದರು. ಮೇಲಿನ ಮಣ್ಣು ಮುಗಿದು ಗಟ್ಟಿ ಕಲ್ಲು ಸಿಗುವವರೆಗೆ ಕೇಸಿಂಗ್ ಪೈಪು. ಆಮೇಲೆ ಒಂದೊಂದು ರಾಡು ಇಳಿದಾಗಲೂ ಹೊರಬಂದ ಪುಡಿಯನ್ನು ಒಬ್ಬ ಹುಡುಗ ಮೊರದಲ್ಲಿ ಹಿಡಿದು ಸಾಲಾಗಿ ಗುಡ್ಡೆ ಹಾಕುತ್ತಿದ್ದ. ಮೊದಲ ಗುಡ್ಡೆಗಳು ಕೆಂಪು, ಆಮೇಲೆ ಬೂದು, ಆಮೇಲೆ ಬಿಳಿ. ಬಿಳಿ ಪುಡಿ ಬಂದರೆ ಗಟ್ಟಿ ಬಂಡೆ, ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಕರಿ ಪುಡಿ ಬಂದರೆ ಎಲ್ಲರೂ ಬಗ್ಗಿ ಮುಟ್ಟಿ ನೋಡುತ್ತಾರೆ, ತೇವ ಇದೆಯಾ ಅಂತ. ಆಳಕ್ಕೆ ಹೋದಷ್ಟೂ ಅಡಿಗೆ ಇಷ್ಟು ಅನ್ನುವ ರೇಟೂ ಏರುತ್ತದೆ. ಪ್ರತಿ ಸಲ ಮೇಸ್ತ್ರಿ ಗಾಡಿ ನಿಲ್ಲಿಸಿ ನಮ್ಮ ಕಡೆ ನೋಡಿ, 'ಇನ್ನೊಂದು ರಾಡು ಹಾಕೋದಾ?' ಅಂತ ಕೇಳುವಾಗ ಊರಿನ ಹತ್ತು ಜನ 'ಹಾಕ್ಸಿ ಹಾಕ್ಸಿ' ಅನ್ನುತ್ತಾರೆ. ದುಡ್ಡು ಅವರದ್ದಲ್ಲವಲ್ಲ. ಸಾವಿರ ಅಡಿ ದಾಟಿದ ಮೇಲೆ ಸಾಕು ಅಂದೆವು. ಮೈಮೇಲೆ, ಕೂದಲಲ್ಲಿ, ಹಲ್ಲಿನ ಸಂದಿಯಲ್ಲಿ ಬರೀ ಕಲ್ಲಿನ ಪುಡಿ. ಅದು ತೆಂಗಿನಕಾಯಿಯ ಕಲ್ಲೋ ಮಿಷನ್ ಕಲ್ಲೋ ಅಂತ ಹೇಳುವುದಿಲ್ಲ, ಯಾಕೆಂದರೆ ಆಮೇಲೆ ಇನ್ನೊಂದು ಕಡೆ ಕೊರೆದಾಗ ಸಿಕ್ಕಿದ್ದೂ ಒಂದು ಇಂಚು ನೀರು ಮಾತ್ರ, ಬೇಸಿಗೆಯಲ್ಲಿ ಅದೂ ಕೆಮ್ಮುತ್ತದೆ.

ಇದೆಲ್ಲ ಆದ ವಾರ ನಾನು ಬೆಟ್ಟ ಹತ್ತಿದೆ. ಬಂಡೆಯನ್ನೇ ಕಡಿದು ಮೆಟ್ಟಿಲು ಮಾಡಿದ್ದಾರೆ, ಕೆಲವು ಕಡೆ ಕಂಬಿ ಹಿಡಿದೇ ಹತ್ತಬೇಕು. ಸಮುದ್ರ ಮಟ್ಟದಿಂದ ಸುಮಾರು 4,500 ಅಡಿ ಎತ್ತರ. ಅರ್ಧ ದಾರಿಯಲ್ಲಿ ಒಳಕಲ್ಲು ತೀರ್ಥ. ಬಂಡೆಯೊಳಗೆ ನಮ್ಮ ಮನೆಯ ಒಳಕಲ್ಲಿನಷ್ಟೇ ಒಂದು ಗುಳಿ. ಕೈ ಇಳಿಸಿದರೆ ನೀರು ಸಿಗುತ್ತದೆ. ಪುಣ್ಯ ಮಾಡಿದವರಿಗೆ ಮಾತ್ರ ಸಿಗುತ್ತದೆ ಅನ್ನುತ್ತಾರೆ, ಹಾಗಾಗಿ ಸಾಲಿನಲ್ಲಿ ನಿಂತವರ ಮುಖ ನೋಡಬೇಕು, ಪರೀಕ್ಷೆ ರಿಸಲ್ಟ್ ದಿನದ ಹಾಗೆ. ನನ್ನ ಮುಂದೆ ಇದ್ದ ಎತ್ತರದ ಹುಡುಗ ಭುಜದವರೆಗೂ ತೋಳು ಇಳಿಸಿ 'ಸಿಕ್ತು' ಅಂತ ಕೂಗಿದ. ನನಗೂ ಸಿಕ್ಕಿತು. ತಣ್ಣಗಿತ್ತು. ಆ ಕ್ಷಣಕ್ಕೆ ಭಕ್ತಿ ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ಕೆಳಗೆ ಸಾವಿರ ಅಡಿಗೆ ಸಿಗದ ನೀರು ಇಲ್ಲಿ, ಇಷ್ಟು ಎತ್ತರದಲ್ಲಿ, ಒಂದು ತೋಳಿನಷ್ಟು ಆಳದಲ್ಲಿ!

ಇಳಿಯುವಾಗ ಅದರ ಬಗ್ಗೆಯೇ ಯೋಚನೆ. ಮಳೆ ಬಂಡೆಯ ಮೇಲೆ ಬೀಳುತ್ತದೆ, ಬಿರುಕಿನಲ್ಲಿ ಸ್ವಲ್ಪ ಸೇರಿಕೊಳ್ಳುತ್ತದೆ, ಅಲ್ಲಲ್ಲಿ ಒಸರುತ್ತದೆ. ಅದಕ್ಕೆಲ್ಲ ಒಂದೊಂದು ತೀರ್ಥದ ಹೆಸರು. ಕೆಳಗೆ ಪಾತಾಳಗಂಗೆ ಕೂಡ ಹಾಗೇ. ಮಿಕ್ಕ ನೀರೆಲ್ಲ ಜಾರಿ ಕೆಳಗೆ ಓಡುತ್ತದೆ. ಕುಮುದ್ವತಿ ನದಿ ಹುಟ್ಟುವುದೇ ಈ ಬೆಟ್ಟದಲ್ಲಿ. ಅದು ಹೋಗಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿ ಸೇರುತ್ತದೆ. ಅಲ್ಲೇ 1933ರಲ್ಲಿ ಕಟ್ಟಿದ ಜಲಾಶಯ, ಎಷ್ಟೋ ವರ್ಷ ಬೆಂಗಳೂರಿನ ನಲ್ಲಿಗಳಿಗೆ ನೀರು ಕೊಟ್ಟಿದೆ. ಅಂದರೆ ನಾನು ಚಿಕ್ಕವಳಿದ್ದಾಗ ನಗರಕ್ಕೆ ಬರುತ್ತಿದ್ದ ನೀರಿನಲ್ಲಿ ಈ ಬೆಟ್ಟದ್ದೂ ಒಂದು ಪಾಲಿತ್ತು. ಅಜ್ಜಿಯ ಸುರಂಗದ ಕಥೆ ಅಷ್ಟು ಸುಳ್ಳೇನಲ್ಲ ಅನಿಸಿತು.

ಹೀಗೆ ನೋಡಿದ ಮೇಲೆ ನನಗೆ ಬೆಟ್ಟ ಬೇರೆ ಥರ ಅರ್ಥವಾಗತೊಡಗಿತು. ನೀರು ಬೆಟ್ಟದ ಕೆಳಗೆ ಇಲ್ಲ, ಬೆಟ್ಟದ ಮೇಲೆ ಬೀಳುತ್ತದೆ. ಅದನ್ನು ಹಿಡಿದುಕೊಳ್ಳುವವರಿಗೆ ಉಂಟು. ಹಳಬರು ಕಟ್ಟೆ, ಕಲ್ಯಾಣಿ, ಕೆರೆ ಅಂತ ಹೆಜ್ಜೆಹೆಜ್ಜೆಗೂ ಹಿಡಿದಿದ್ದರು. ನಾವು ಮನೆಯ ಪ್ಲಾನನ್ನೇ ಬದಲಿಸಿದೆವು. ಕೃಷಿ ಜಮೀನಲ್ಲಿ ತೋಟದ ಮನೆಗೆ ಒಟ್ಟು ಜಾಗದ ಶೇ 10ರ ಮಿತಿ ಇದೆ, ಹಾಗಾಗಿ ಮನೆ ಚಿಕ್ಕದೇ, ಸಾವಿರ ಚದರಡಿ ಚಾವಣಿ. ಇಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆ. ಲೆಕ್ಕ ಹಾಕಿ, ಅಷ್ಟು ಚಾವಣಿಯ ಮೇಲೆ 70,000 ಲೀಟರಿಗಿಂತ ಜಾಸ್ತಿ ಬೀಳುತ್ತದೆ. ಪೋಲಾಗುವುದು ಬಿಟ್ಟರೂ 60,000 ಹಿಡಿಯಬಹುದು. ಜಮೀನಿನ ಲೆಕ್ಕ ಇನ್ನೂ ದೊಡ್ಡದು. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರ್. ಮೂರನೇ ಬೋರಿಗೆ ಅಂತ ಇಟ್ಟಿದ್ದ ದುಡ್ಡಿನಲ್ಲಿ ನೆಲದಡಿ ಒಂದು ಸಂಪು, ಒಂದು ಕೃಷಿ ಹೊಂಡ, ಬದುಗಳು. ಬದುವಿನ ಮೇಲೆ ಹೊಂಗೆ. ಕುಡಿಯಲು, ಅಡುಗೆಗೆ ಮಳೆ ನೀರೇ. ಬೇಳೆ ಎಷ್ಟು ಬೇಗ ಬೇಯುತ್ತದೆ ಅಂತೀರಿ!

ಸಂಕ್ರಾಂತಿ ಬಗ್ಗೆ ಹೇಳದೆ ಇದ್ದರೆ ಊರಿನವರು ನನ್ನನ್ನು ಬಿಡುವುದಿಲ್ಲ. ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಆ ದಿನ ಮದುವೆ. ಧಾರೆಗೆ ನೀರು ಬೇಕಲ್ಲ, ಅದು ಬರುವುದು ಬೆಟ್ಟದ ತುದಿಯ ತೀರ್ಥಕಂಬದ ಹತ್ತಿರದಿಂದ. ಆ ಬೆಳಗಿನ ಜಾವ ಅಲ್ಲಿ ಗಂಗೆ ಹುಟ್ಟುತ್ತಾಳೆ ಅನ್ನುವುದು ನಂಬಿಕೆ. ಆ ನೀರು ಕೆಳಗೆ ಬಂದ ಮೇಲೇ ಧಾರೆ. ಹಿಂದಿನ ರಾತ್ರಿಯಿಂದಲೇ ಊರಿನ ಗಂಡಸರು, ಹುಡುಗರು ಚಳಿಯಲ್ಲಿ ಕಂಬಳಿ ಹೊದ್ದು ಬೆಟ್ಟ ಹತ್ತುತ್ತಾರೆ. ಕೆಳಗೆ ನಮ್ಮಂಥವರ ಮನೆಯಲ್ಲಿ ಅವರೆಕಾಯಿ ಸುಲಿದು ಸುಲಿದು ಉಗುರು ಹಸಿರಾಗಿರುತ್ತದೆ, ಬಂದವರಿಗೆಲ್ಲ ಹಿದುಕವರೆ ಸಾರು. ದನದ ಜಾತ್ರೆಗೆ ಬಂದ ಹಳ್ಳಿಕಾರ್ ಹೋರಿಗಳಿಗೆ ನೀರು ಕುಡಿಸಲು ಯಾರ ಮನೆ ಸಂಪಿನ ಮುಚ್ಚಳ ಬೇಕಾದರೂ ತೆಗೆಯಬಹುದು, ಆ ದಿನಗಳಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಸಂಪಿನ ಮುಚ್ಚಳ ಮೊದಲ ಸಲ ತೆಗೆದಾಗ ನನ್ನ ಎದೆ ಧಸಕ್ ಅಂದಿತ್ತು, ಈಗ ನಾನೇ ಬಕೆಟ್ ಇಟ್ಟಿರುತ್ತೇನೆ.

ಲಿಂಗಕ್ಕೆ ತುಪ್ಪ ಹಚ್ಚಿ ಉಜ್ಜಿದರೆ ಬೆಣ್ಣೆಯಾಗುವುದರ ಬಗ್ಗೆಯೂ ಎಲ್ಲರೂ ಕೇಳುತ್ತಾರೆ. ಅರ್ಚಕರು ಕೈಗೆ ಕೊಟ್ಟದ್ದನ್ನು ನಾನು ಮನೆಗೆ ತಂದಿದ್ದೇನೆ, ಬೆಣ್ಣೆಯ ಹಾಗೇ ಇರುತ್ತದೆ. ಯಜಮಾನರು ಕಲ್ಲಿನ ತಂಪು ಅದು ಇದು ಅಂತ ವಿವರಣೆ ಕೊಡುತ್ತಾರೆ. ಕೊಡಲಿ.

ಶಾಂತಲಾ ಡ್ರಾಪ್ ಅಂತ ಒಂದು ಜಾಗ ಇದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಅಲ್ಲಿಂದ ಬಿದ್ದಳು ಅಂತ ಗೈಡ್ ಹುಡುಗರು ಹೇಳುತ್ತಾರೆ. ಶ್ರವಣಬೆಳಗೊಳದ ಶಾಸನದಲ್ಲಿ ಇರುವುದು ಅವಳು ಶಿವಗಂಗೆಯಲ್ಲಿ ತೀರಿಕೊಂಡಳು ಅಂತ ಮಾತ್ರ, 1131ರಲ್ಲಿ. ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದ ಜೈನ ರಾಣಿ, ಕೊನೆಗಾಲಕ್ಕೆ ಇಲ್ಲಿಗೆ ಬಂದಿದ್ದಳು ಅನ್ನುವುದು ನನಗೆ ಆ ಬೀಳುವ ಕಥೆಗಿಂತ ದೊಡ್ಡದು ಅನಿಸುತ್ತದೆ. ಈಗ ಅಲ್ಲಿ ಸೆಲ್ಫಿ ತೆಗೆಯುವವರದೇ ಕಾಟ. ಭಾನುವಾರ ಬೆಳಗ್ಗೆ ಐದಕ್ಕೇ ಬೈಕುಗಳ ಸದ್ದು ಶುರು, ಸೂರ್ಯೋದಯ ನೋಡಬೇಕಂತೆ. ಸೋಮವಾರ ಹಳ್ಳದಲ್ಲಿ ಖಾಲಿ ಬಾಟಲಿ ಆರಿಸಬೇಕು. ಬರುವವರು ಮಂಗಳವಾರ, ಬುಧವಾರ ಬನ್ನಿ, ಮನೆಯಿಂದ ನೀರಿನ ಬಾಟಲಿ ತಂದು ವಾಪಸ್ ತೆಗೆದುಕೊಂಡು ಹೋಗಿ.

ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಚಿರತೆ ಇದೆ. ಕತ್ತಲಾದ ಮೇಲೆ ನಾಯಿಯನ್ನು ಹೊರಗೆ ಕಟ್ಟುವುದಿಲ್ಲ, ಹುಲ್ಲು ಕೊಯ್ಯಲು ಒಬ್ಬರೇ ಹೋಗುವುದಿಲ್ಲ. ದೊಡ್ಡ ಆಸ್ಪತ್ರೆಗೆ ತುಮಕೂರು ಇಲ್ಲವೇ ನೆಲಮಂಗಲ. ನೆಟ್‌ವರ್ಕ್ ಮೋಡ ಇದ್ದ ದಿನ ಕೈ ಕೊಡುತ್ತದೆ. ಊರಿನ ಗುಡಿಯ ಮೈಕು ಧನುರ್ಮಾಸದಲ್ಲಿ ನಾಲ್ಕೂವರೆಗೆ ಶುರುವಾಗುತ್ತದೆ, ಆಗ ನಿದ್ದೆ ಬರುವುದು ಸಾಧ್ಯವೇ ಇಲ್ಲ, ದೇವರಾಣೆ.

ಈಗ ಹಳ್ಳದ ವಿಷಯ. ನಾವು ನಮ್ಮ ಮೂಲೆಯಲ್ಲಿ ನಕ್ಷೆ ಪ್ರಕಾರ ಹಳ್ಳವನ್ನು ಮತ್ತೆ ತೋಡಿಸಿದೆವು. ಮಳೆ ಬಂತು. ಬೆಟ್ಟದ ನೀರು ಕೆಂಪಗೆ ಉರುಳಿಕೊಂಡು ಬಂದು ನಮ್ಮ ಜಾಗ ದಾಟಿ, ಪಕ್ಕದವರ ಮುಚ್ಚಿದ ಹಳ್ಳಕ್ಕೆ ಡಿಕ್ಕಿ ಹೊಡೆದು, ಅವರ ರಾಗಿ ಹೊಲದಲ್ಲೆಲ್ಲ ಹರಡಿತು. ಮಾರನೇ ದಿನ ಅವರು ನಮ್ಮ ಗೇಟಿನ ಮುಂದೆ. 'ಇಷ್ಟು ವರ್ಷ ಇಲ್ಲದ ನೀರು ನೀವು ಬಂದ ಮೇಲೆ ಎಲ್ಲಿಂದ ಬಂತ್ರೀ?' ಅಂತ ಜೋರು. ಹಿರಿಯರೇ ಬಂದು ನಿಂತರು. 'ನೀರು ಅವ್ರ ಮನೇದಲ್ಲ ಕಣೋ, ನಮ್ಮಪ್ಪಂದು. ಹೋಗೋ ದಾರಿ ನೀನು ಮುಚ್ಚಿದ್ದೀಯ' ಅಂದರು. ಪಂಚಾಯಿತಿಯಲ್ಲಿ ಕೂತು ಮಾತಾಡಿದ ಮೇಲೆ ಅವರೂ ತಮ್ಮ ಕಡೆ ತೆಗೆಸಲು ಒಪ್ಪಿದರು. ಕಳೆದ ಮಳೆಗಾಲದಲ್ಲಿ ಕೆರೆಗೆ ನೀರು ಹೋಯಿತು, ತುಂಬಲಿಲ್ಲ, ಆದರೆ ಹೋಯಿತು. ಕೆರೆ ಹಿಂದಿನ ಬಾವಿಯಲ್ಲಿ ನೀರು ಕಾಣಿಸಿಕೊಂಡಿದೆ ಅಂತ ಹೇಳುತ್ತಿದ್ದಾರೆ.

ಉಳಿದಿರುವ ಜಗಳ ಒಂದೇ. ಹಳ್ಳ ದಾಟಲು ಅವರ ಟ್ರ್ಯಾಕ್ಟರಿಗೆ ದಾರಿ ಬೇಕು. ಅವರು ಸಿಮೆಂಟ್ ಪೈಪು ಹಾಕಿ ಮೇಲೆ ಮಣ್ಣು ಮುಚ್ಚೋಣ ಅನ್ನುತ್ತಾರೆ, ಖರ್ಚು ಕಮ್ಮಿ. ನಾನು ಸ್ಲ್ಯಾಬ್ ಹಾಕಿಸಿ ಅಂತ ಹಟ ಹಿಡಿದಿದ್ದೇನೆ. ಬೆಟ್ಟದಿಂದ ಬರುವ ನೀರು ಬರೀ ನೀರಲ್ಲ, ಮರಳು, ಕಲ್ಲು, ಭಾನುವಾರದ ಬಾಟಲಿ ಎಲ್ಲ ಹೊತ್ತು ತರುತ್ತದೆ, ಪೈಪು ಎರಡೇ ಮಳೆಗೆ ಕಟ್ಟಿಕೊಳ್ಳುತ್ತದೆ. ಪಂಚಾಯಿತಿ ಅಧಿಕಾರಿ ಪಿಡಿಒ ಎಸ್ಟಿಮೇಟ್ ಮಾಡಿಸುತ್ತೇನೆ ಅಂದಿದ್ದಾರೆ, ಮುಂಗಾರಿಗೆ ಮೊದಲು ಆಗಬೇಕು. ಹೆಚ್ಚು ಖರ್ಚಾಗುವುದರಲ್ಲಿ ಅರ್ಧ ನಾವು ಕೊಡುತ್ತೇವೆ ಅಂತ ಹೇಳಿ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.